ಕೆಮಿಸ್ಟ್ರಿ ಪೇಪರಿನಲ್ಲಿ ಅಂಕ ಎಲ್ಲಿ ಸೋರುತ್ತಿದೆ?

ಶಿರಸಿ ಹತ್ತಿರದ ನನ್ನ ತವರುಮನೆ ತೋಟದಲ್ಲಿ ಪಂಪು ನೀರೆತ್ತದಿದ್ದರೆ ಅಪ್ಪಯ್ಯ ಮೊದಲಿಗೇ ಮೋಟಾರು ಬಿಚ್ಚುತ್ತಿರಲಿಲ್ಲ. ಮೂರೂ ಫೇಸ್ ಕರೆಂಟ್ ಇದೆಯಾ ನೋಡುತ್ತಿದ್ದರು. ಆಮೇಲೆ ಫ್ಯೂಸು. ಆಮೇಲೆ ಹೊಂಡಕ್ಕೆ ಇಳಿದು ಪೈಪಿನ ಬುಡದ ಫುಟ್‌ವಾಲ್ವಿಗೆ ತರಗೆಲೆ ಸಿಕ್ಕಿದೆಯಾ ಅಂತ ಕೈ ಹಾಕುತ್ತಿದ್ದರು. ಅಲ್ಲೂ ಸರಿ ಇದ್ದರೆ ಗಾಳಿ ಹಿಡಿದಿರಬೇಕು ಅಂತ ಮೇಲಿನಿಂದ ನೀರು ತುಂಬಿಸುತ್ತಿದ್ದರು. ಹೆಚ್ಚಿನ ಸಲ ಅಷ್ಟಕ್ಕೇ ನೀರು ಬರುತ್ತಿತ್ತು. ಮೋಟಾರಿಗೆ ಕೈ ಹಚ್ಚುವುದು ಕೊನೆಗೆ.

ಕೆಮಿಸ್ಟ್ರಿಯಲ್ಲಿ ಅಂಕ ಬಾರದ ಮಕ್ಕಳು ಮಾಡುವುದು ಇದರ ಉಲ್ಟಾ. ಮೊದಲ ಟೆಸ್ಟಿನಲ್ಲಿ ಕಡಿಮೆ ಬಂದ ಕೂಡಲೇ ಮೋಟಾರು ಬಿಚ್ಚಿ ಕೂರುತ್ತಾರೆ. ಅಂದರೆ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದುತ್ತಾರೆ. ಒಂದೂವರೆ ಪಾಠ ಆಗುವಷ್ಟರಲ್ಲಿ ಮುಂದಿನ ಟೆಸ್ಟ್ ಬಂದಿರುತ್ತದೆ. ದೋಷ ಎಲ್ಲಿತ್ತೋ ಅಲ್ಲೇ ಇರುತ್ತದೆ.

ನಾನು ಕುಮಟಾದಲ್ಲಿ ಮನೆಯ ಜಗಲಿಯ ಮೇಲೆ ಪಿಯು ಮೊದಲ ವರ್ಷದ ಮತ್ತು ಬಿಎಸ್ಸಿ ಮೊದಲ ಸೆಮಿಸ್ಟರಿನ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಕೆಳಗೆ ಬರೆದಿರುವುದು ಪಾಠ ಅಲ್ಲ. ಅಂಕ ಯಾಕೆ ಹೋಗುತ್ತಿದೆ ಅಂತ ಹುಡುಕಲು ನಾನು ಹಿಡಿಯುವ ದಾರಿ. ಸುಲಭವಾಗಿ ನೋಡಬಹುದಾದದ್ದು ಮೊದಲು, ಕಷ್ಟದ್ದು ಆಮೇಲೆ.

ಮೊದಲು ಹಳೇ ಪೇಪರಿಗೆ ಗುರುತು ಹಾಕಿ

ಅಂಕ ಹಾಕಿ ವಾಪಸ್ ಕೊಟ್ಟ ಟೆಸ್ಟ್ ಪೇಪರ್ ಇದ್ದರೆ ಅದನ್ನು ತನ್ನಿ. ಬೇಜಾರಿನಲ್ಲಿ ಹರಿದು ಹಾಕಿದ್ದೀರಿ ಅಂದರೆ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಪುಸ್ತಕ ಮುಚ್ಚಿರಬೇಕು, ಮೊಬೈಲ್ ಒಳಗಿನ ಕೋಣೆಯಲ್ಲಿರಬೇಕು. ಅಂಕ ಹೋದ ಪ್ರತಿ ಕಡೆ ಒಂದು ಅಕ್ಷರ ಹಾಕಿ. ಗೊತ್ತೇ ಇರಲಿಲ್ಲ ಅಂದರೆ 'ಗೊ'. ಓದಿದ್ದೆ, ನೆನಪಾಗಲಿಲ್ಲ ಅಂದರೆ 'ನೆ'. ಲೆಕ್ಕದ ಎಡವಟ್ಟು ಅಂದರೆ 'ಲೆ'. ಪ್ರಶ್ನೆಯನ್ನೇ ತಪ್ಪು ಓದಿದ್ದರೆ 'ಓ'. ಹೊತ್ತು ಸಾಲಲಿಲ್ಲ ಅಂದರೆ 'ಹೊ'.

ಇಲ್ಲಿ ಸುಳ್ಳು ಹೇಳಿಕೊಳ್ಳುವುದು ಬಹಳ ಸುಲಭ. ಎಲ್ಲದಕ್ಕೂ 'ಲೆ' ಹಾಕಿ 'ಸಿಲ್ಲಿ ಮಿಸ್ಟೇಕ್ ಅಕ್ಕೋರೇ' ಅನ್ನುವವರಿದ್ದಾರೆ. ಎಲ್ಲದಕ್ಕೂ 'ಗೊ' ಹಾಕಿ ಅಳುವವರೂ ಇದ್ದಾರೆ. ಅದಕ್ಕೇ ಅಕ್ಷರ ಹಾಕುವ ಮೊದಲು ಅದೇ ಪ್ರಶ್ನೆಯನ್ನು ಖಾಲಿ ಹಾಳೆಯಲ್ಲಿ ಇನ್ನೊಮ್ಮೆ ಮಾಡಿಸುತ್ತೇನೆ. ಎರಡನೇ ಸಲ ತಾನಾಗಿ ಸರಿ ಬಂದರೆ ಮಾತ್ರ ಅದು ಎಡವಟ್ಟು. ಅದೇ ತಪ್ಪು ಮತ್ತೆ ಬಂದರೆ ಅದು 'ಗೊ', ಮುಲಾಜಿಲ್ಲ.

ಅಂಕೋಲಾ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳಿಗೆ 40ಕ್ಕೆ 17 ಬಂದಿತ್ತು. 'ನಂಗೆ ಕೆಮಿಸ್ಟ್ರಿ ತಲೆಗೇ ಹತ್ತೋದಿಲ್ಲ ಅಕ್ಕೋರೇ' ಅಂದಳು. ಹೋದ 23 ಅಂಕಕ್ಕೆ ಗುರುತು ಹಾಕಿಸಿದೆ. 'ಗೊ' 4, 'ನೆ' 6, 'ಲೆ' 8, 'ಓ' 5. 'ನೋಡು ತಂಗಿ, ತಲೆಗೆ ಹತ್ತದ್ದು ನಾಲ್ಕೇ ಅಂಕದ್ದು' ಅಂದೆ. ಅವಳು ನಂಬಲಿಲ್ಲ, ಮತ್ತೆ ಎಣಿಸಿದಳು.

'ಲೆ' ಜಾಸ್ತಿ ಇದ್ದರೆ: ಉತ್ತರ ಎಷ್ಟು ಪಟ್ಟು ತಪ್ಪಿದೆ ನೋಡಿ

ನನಗೆ ಎಲ್ಲಕ್ಕಿಂತ ಇಷ್ಟದ ಪರೀಕ್ಷೆ ಇದು. ಲೆಕ್ಕ ತಪ್ಪಿದಾಗ ಮಕ್ಕಳು ಅಳಿಸಿ ಮೊದಲಿನಿಂದ ಮಾಡುತ್ತಾರೆ. ಅಳಿಸಬೇಡಿ. ನಿಮ್ಮ ಉತ್ತರವನ್ನು ಸರಿ ಉತ್ತರದಿಂದ ಭಾಗಿಸಿ. ಬರುವ ಸಂಖ್ಯೆ ಕಳ್ಳನ ಹೆಜ್ಜೆಗುರುತು ಇದ್ದ ಹಾಗೆ.

ಸರಿಯಾಗಿ 1000 ಪಟ್ಟು ಹೆಚ್ಚೋ ಕಡಿಮೆಯೋ ಬಂದರೆ ಮಿಲಿಲೀಟರನ್ನು ಲೀಟರ್ ಮಾಡಿಲ್ಲ, ಇಲ್ಲವೇ ಜೂಲ್ ಮತ್ತು ಕಿಲೋಜೂಲ್ ಕಲಸಿಕೊಂಡಿವೆ. ಗಿಬ್ಸ್ ಶಕ್ತಿಯ ಲೆಕ್ಕದಲ್ಲಿ ಇದು ಹೆಚ್ಚು. ಎಂಥಾಲ್ಪಿಯನ್ನು, ಅಂದರೆ ಕ್ರಿಯೆಯ ಶಾಖವನ್ನು, ಕಿಲೋಜೂಲಿನಲ್ಲಿ ಕೊಟ್ಟಿರುತ್ತಾರೆ, ಎಂಟ್ರಪಿಯನ್ನು ಜೂಲಿನಲ್ಲಿ. ಎರಡನ್ನೂ ಹಾಗೇ ಕೂಡಿಸಿ ಕಳೆದರೆ ಬರುವ ಉತ್ತರಕ್ಕೆ ತಲೆಬುಡ ಇರುವುದಿಲ್ಲ.

ಅನಿಲದ ಲೆಕ್ಕದಲ್ಲಿ ಸುಮಾರು 11 ಪಟ್ಟು ತಪ್ಪಿದ್ದರೆ ಸೆಲ್ಸಿಯಸ್ಸನ್ನು ಕೆಲ್ವಿನ್‌ಗೆ ತಿರುಗಿಸಿಲ್ಲ. 27 ಡಿಗ್ರಿ ಅಂದರೆ 300 ಕೆಲ್ವಿನ್. 300ನ್ನು 27ರಿಂದ ಭಾಗಿಸಿ ನೋಡಿ, 11 ಚಿಲ್ಲರೆ. 1 ಅಟ್ಮಾಸ್ಫಿಯರ್ ಒತ್ತಡದಲ್ಲಿ, 27 ಡಿಗ್ರಿಯಲ್ಲಿ ಒಂದು ಮೋಲ್ (ಮೋಲ್ ಅಂದರೇನು ಅಂತ ಮುಂದೆ ಹೇಳುತ್ತೇನೆ) ಅನಿಲ ಸುಮಾರು 24.6 ಲೀಟರ್ ಜಾಗ ಹಿಡಿಯುತ್ತದೆ. ನಿಮಗೆ 2.2 ಬಂತು ಅಂದರೆ ಕಾರಣ ಹುಡುಕಲು ಬೇರೆ ಕಡೆ ಹೋಗಬೇಡಿ.

ಸುಮಾರು 101 ಪಟ್ಟು ತಪ್ಪಿದ್ದರೆ ಅನಿಲ ಸ್ಥಿರಾಂಕ ಅದಲು ಬದಲಾಗಿದೆ. 0.0821 ಲೀಟರ್ ಮತ್ತು ಅಟ್ಮಾಸ್ಫಿಯರ್ ಜೊತೆಗಿನದು, 8.314 ಜೂಲ್ ಜೊತೆಗಿನದು. 2.303 ಪಟ್ಟು ಅಂದರೆ ಲಾಗ್ ಮತ್ತು ನ್ಯಾಚುರಲ್ ಲಾಗ್ ಕಲಸಿವೆ, ಕ್ರಿಯೆಯ ವೇಗದ ಪಾಠದಲ್ಲಿ ಬಹಳ ಬರುತ್ತದೆ. ಸರಿಯಾಗಿ 10 ಪಟ್ಟು ಅಂದರೆ ಕ್ಯಾಲ್ಕುಲೇಟರಿನಲ್ಲಿ EXP ಅನ್ನುವ ಘಾತದ ಗುಂಡಿ ಒತ್ತುವ ಮೊದಲು ನೀವು 10ನ್ನೂ ಗುಣಿಸಿದ್ದೀರಿ. ಆ ಗುಂಡಿಯ ಒಳಗೇ 10 ಇದೆ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬಿಡುತ್ತಾರೋ, ಲಾಗ್ ಟೇಬಲ್ಲೋ ಅಂತ ಮೊದಲೇ ಕೇಳಿಕೊಂಡು ಮನೆಯಲ್ಲೂ ಅದರಲ್ಲೇ ಅಭ್ಯಾಸ ಮಾಡಿ.

1.4 ಪಟ್ಟು ಬಂದರೆ ನನಗೆ ನಗು ಬರುತ್ತದೆ. ಆಕ್ಸಾಲಿಕ್ ಆಮ್ಲದ ಹರಳಿನಲ್ಲಿ ಎರಡು ನೀರಿನ ಅಣು ಕೂತಿರುತ್ತವೆ. ನೀರು ಸೇರಿ ಅದರ ಮೋಲಾರ್ ತೂಕ 126, ಬಿಟ್ಟರೆ 90. 250 ಮಿಲಿಲೀಟರ್ 0.05 ಮೋಲಾರ್ (ಅಂದರೆ ಲೀಟರಿಗೆ 0.05 ಮೋಲ್) ದ್ರಾವಣಕ್ಕೆ 1.575 ಗ್ರಾಂ ತೂಗಬೇಕು. ನೀರು ಮರೆತವರು 1.125 ಗ್ರಾಂ ತೂಗುತ್ತಾರೆ, ಆಮೇಲೆ ದಿನವಿಡೀ ಟೈಟ್ರೇಷನ್ನಿಗೆ (ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿ ಹನಿ ಬಿಟ್ಟು ಅಳೆಯುವ ಪ್ರಯೋಗಕ್ಕೆ) ಬೈಯುತ್ತಾರೆ.

ಇನ್ನು ಸರಿಯಾಗಿ 2 ಪಟ್ಟು. ಇದಕ್ಕೆ ಮಾತ್ರ ಕಾರಣ ಒಂದಲ್ಲ. ಆಕ್ಸಿಜನ್ ಅನಿಲಕ್ಕೆ 32ರ ಬದಲು 16 ಹಿಡಿದಿರಬಹುದು. ಅಣು ಕೇಳಿದಾಗ ಪರಮಾಣು ಎಣಿಸಿರಬಹುದು. ಅಥವಾ ಸಮೀಕರಣದ ಅನುಪಾತ ನೋಡದೆ ಒಂದಕ್ಕೊಂದು ಅಂತ ಹಿಡಿದಿರಬಹುದು. 25 ಮಿಲಿಲೀಟರ್ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿಗೆ 0.1 ಮೋಲಾರ್ ಸಲ್ಫ್ಯೂರಿಕ್ ಆಮ್ಲ ಎಷ್ಟು ಬೇಕು? ಹಲವರು ಕಣ್ಣುಮುಚ್ಚಿ 25 ಅನ್ನುತ್ತಾರೆ. ಆ ಆಮ್ಲದ ಒಂದೊಂದು ಅಣುವೂ ಎರಡೆರಡು ಪ್ರೋಟಾನ್ ಕೊಡುತ್ತದೆ. 12.5 ಸಾಕು.

ಸರಿ ಉತ್ತರ ಪುಸ್ತಕದ ಹಿಂದೆ ಇದ್ದಾಗ ಇದೆಲ್ಲ ಸರಿ, ಪರೀಕ್ಷೆಯಲ್ಲಿ ಏನು ಮಾಡುವುದು ಅಂತ ಕೇಳುತ್ತಾರೆ. ಅಲ್ಲಿ ಅಂದಾಜು ಬೇಕು. ನಮ್ಮೂರ ಕಡಲಿನ ನೀರನ್ನೇ ತೆಗೆದುಕೊಳ್ಳಿ. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿನಂಶ ಇರುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರಗಳಿಗೆ ಬಿಡುವುದು ಇಂಥದ್ದೇ ನೀರು. ಅಷ್ಟನ್ನೂ ಅಡಿಗೆ ಉಪ್ಪು ಅಂತಲೇ ಹಿಡಿದರೆ, 58.5ರಿಂದ ಭಾಗಿಸಿ, ಸುಮಾರು 0.6 ಮೋಲಾರ್. ಬಾಯಿಗೆ ಇಡಲಾರದಷ್ಟು ಉಪ್ಪು ಅಂದರೂ 0.6. ಇನ್ನು ಶುದ್ಧ ನೀರೇ 55.5 ಮೋಲಾರ್, ಲೀಟರಿನ 1000 ಗ್ರಾಂ ಭಾಗಿಸು 18. ಹಾಗಾಗಿ ನಿಮ್ಮ ಉಪ್ಪಿನ ದ್ರಾವಣಕ್ಕೆ 60 ಮೋಲಾರ್ ಅಂತ ಉತ್ತರ ಬಂದರೆ ಅದು ದ್ರಾವಣ ಅಲ್ಲ, ದಶಮಾಂಶದ ಚುಕ್ಕಿ ಜಾರಿದೆ.

ಉರಿಯುವ ಕ್ರಿಯೆಗೆ ಎಂಥಾಲ್ಪಿ ಪ್ಲಸ್ ಬಂದರೂ ಹೀಗೇ. ಮೀಥೇನ್ ಉರಿದರೆ ಮೋಲಿಗೆ ಸುಮಾರು ಮೈನಸ್ 890 ಕಿಲೋಜೂಲ್. ಪ್ಲಸ್ ಆಗಿದ್ದರೆ ಒಲೆ ಹಚ್ಚಿದ ಕೂಡಲೇ ಅಡಿಗೆಮನೆ ತಣ್ಣಗಾಗಬೇಕಿತ್ತು, ಅಲ್ವಾ? ಉತ್ಪನ್ನದ್ದರಿಂದ ಪ್ರತಿಕ್ರಿಯಾಕಾರಿಯದ್ದನ್ನು ಕಳೆಯಬೇಕು ಅನ್ನುವುದನ್ನು ತಿರುಗುಮುರುಗು ಮಾಡಿದ್ದೀರಿ.

10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು ಅನ್ನುವುದು ಬೇಕಂತಲೇ ಕೇಳುವ ಪ್ರಶ್ನೆ. 8 ಅಂತ ಬರೆದು ಮುಂದೆ ಹೋಗುತ್ತಾರೆ. ಒಂದು ಗಳಿಗೆ ನಿಲ್ಲಿ. ಎಷ್ಟೇ ತೆಳುವಾದರೂ ಆಮ್ಲ ಪ್ರತ್ಯಾಮ್ಲ ಆಗುತ್ತದಾ? ನೀರಿನದ್ದೇ ಪ್ರೋಟಾನ್ ಇದೆ, ಅದನ್ನೂ ಸೇರಿಸಬೇಕು. ಉತ್ತರ 7ಕ್ಕಿಂತ ಸ್ವಲ್ಪ ಕೆಳಗೆ, 6.98.

ಮೋಲ್ ಅನ್ನುವ ಫುಟ್‌ವಾಲ್ವ್

ಲೆಕ್ಕ ಎರಡನೇ ಸಲವೂ ತಪ್ಪಾದರೆ ನಾನು ನೇರ ಮೋಲ್‌ಗೆ ಹೋಗುತ್ತೇನೆ. ಕಸ ಸಿಕ್ಕಿಕೊಳ್ಳುವುದು ಇಲ್ಲೇ. ಮೋಲ್ ಸಡಿಲವಾಗಿದ್ದರೆ ದ್ರಾವಣ, ಅನಿಲ, ಸಮತೋಲನ, ಟೈಟ್ರೇಷನ್ ಎಲ್ಲವೂ ಸೋರುತ್ತವೆ. ಮಕ್ಕಳಿಗೆ ಅನ್ನಿಸುವುದು ಐದು ಪಾಠ ಬರುವುದಿಲ್ಲ ಅಂತ. ಬಾರದ್ದು ಒಂದೇ.

ಪರೀಕ್ಷಿಸಲು ಒಂದೇ ಲೆಕ್ಕ ಸಾಕು. ಅಘನಾಶಿನಿಯ ಹಿನ್ನೀರಿನಲ್ಲಿ ಬಳಚು ಹೆಕ್ಕುವುದನ್ನು ನೋಡಿದ್ದೀರಿ. ಅದರ ಚಿಪ್ಪು ಹೆಚ್ಚುಕಡಿಮೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟರೆ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಜೊತೆಗೆ ಕಾರ್ಬನ್ ಡೈಆಕ್ಸೈಡ್. ಶುದ್ಧ ಕಾರ್ಬೊನೇಟ್ 25 ಗ್ರಾಂ ಸುಟ್ಟರೆ ಸುಣ್ಣ ಎಷ್ಟು? ಕಾರ್ಬೊನೇಟಿನ ಮೋಲಾರ್ ತೂಕ 100, ಆಕ್ಸೈಡಿನದು 56, ಅನಿಲದ್ದು 44.

ಪುಸ್ತಕ ನೋಡದೆ ಎರಡು ನಿಮಿಷದಲ್ಲಿ 14 ಗ್ರಾಂ ಅಂತ ಬಂದರೆ ನಿಮ್ಮ ಮೋಲ್ ಸರಿ ಇದೆ, ಮುಂದಿನ ಭಾಗಕ್ಕೆ ಹೋಗಿ. ಬಾರದಿದ್ದರೆ ಎಲ್ಲಿ ನಿಂತಿರಿ ಅನ್ನುವುದೇ ರೋಗದ ಹೆಸರು. ಗ್ರಾಂ ಇಂದ ಮೋಲ್‌ಗೆ ಹೋಗಲು ಭಾಗಿಸಬೇಕೋ ಗುಣಿಸಬೇಕೋ ಅಂತ ತೊಳಲಾಡಿದರೆ ಸೂತ್ರ ಬಾಯಿಪಾಠ ಆಗಿದೆ, ಅರ್ಥ ಆಗಿಲ್ಲ. ಮೋಲ್ ಅಂದರೆ ಎಣಿಕೆಯ ಕಟ್ಟು ಅಷ್ಟೆ. ಡಜನ್ ಬಾಳೆಹಣ್ಣಿನಲ್ಲಿ 12 ಇದ್ದ ಹಾಗೆ ಇದರಲ್ಲಿ 6.022 × 10²³. ಒಂದು ಕಟ್ಟು 100 ಗ್ರಾಂ ಆದರೆ 25 ಗ್ರಾಂನಲ್ಲಿ ಕಾಲು ಕಟ್ಟು. ಕಾಲು ಕಟ್ಟು ಕಾರ್ಬೊನೇಟ್ ಕೊಡುವುದು ಕಾಲು ಕಟ್ಟು ಆಕ್ಸೈಡ್, ಅದು 56ರ ಕಾಲು ಭಾಗ. ಕೊನೆಗೆ ತಾಳೆ ನೋಡಿ. ಅನಿಲ 11 ಗ್ರಾಂ, ಸುಣ್ಣ 14, ಕೂಡಿದರೆ 25. ಹೋದ ತೂಕಕ್ಕೂ ಲೆಕ್ಕ ಸಿಗಬೇಕು.

ಮುಂದಿನ ತೊಡಕು ಸೀಮಿತ ಪ್ರತಿಕ್ರಿಯಾಕಾರಿ. ಕ್ಲಾಸಿನಲ್ಲಿ ಇದಕ್ಕೆ ಲಿಮಿಟಿಂಗ್ ರಿಯೇಜೆಂಟ್ ಅನ್ನುತ್ತಾರೆ. ಯಾವುದರ ತೂಕ ಕಡಿಮೆಯೋ ಅದೇ ಮೊದಲು ಮುಗಿಯುತ್ತದೆ ಅಂತ ಅರ್ಧಕ್ಕರ್ಧ ಮಕ್ಕಳು ತಿಳಿದಿರುತ್ತಾರೆ. ಅವರಿಗೆ ನಾನು ಕವಳದ ತಬಕು ತೋರಿಸುತ್ತೇನೆ. ಒಂದು ಕವಳಕ್ಕೆ ಎರಡು ಎಲೆ, ಅರ್ಧ ಅಡಿಕೆ ಅಂತ ಇಟ್ಟುಕೊಳ್ಳಿ. ತಬಕಿನಲ್ಲಿ 10 ಎಲೆ, 4 ಅಡಿಕೆ ಇವೆ. ಎಷ್ಟು ಕವಳ? ಎಲೆಯ ಲೆಕ್ಕದಲ್ಲಿ 5, ಅಡಿಕೆಯ ಲೆಕ್ಕದಲ್ಲಿ 8. ಆಗುವುದು ಐದೇ. ಸಂಖ್ಯೆಯಲ್ಲಿ ಜಾಸ್ತಿ ಇದ್ದದ್ದು ಎಲೆ, ಮೊದಲು ಮುಗಿದದ್ದೂ ಎಲೆ. ಒಂದೂವರೆ ಅಡಿಕೆ ಉಳಿಯಿತು.

ಈಗ ಅದನ್ನೇ 4 ಗ್ರಾಂ ಹೈಡ್ರೋಜನ್ನಿಗೆ ಮತ್ತು 16 ಗ್ರಾಂ ಆಕ್ಸಿಜನ್ನಿಗೆ ಹಚ್ಚಿ. ಹೈಡ್ರೋಜನ್ 2 ಮೋಲ್, ಆಕ್ಸಿಜನ್ ಅರ್ಧ ಮೋಲ್. ಎರಡು ಹೈಡ್ರೋಜನ್ನಿಗೆ ಒಂದು ಆಕ್ಸಿಜನ್ ಬೇಕು, ಇರುವುದು ಅರ್ಧ. 16 ಗ್ರಾಂ ಇದ್ದರೂ ಮೊದಲು ಮುಗಿಯುವುದು ಆಕ್ಸಿಜನ್ನೇ. ನೀರು 18 ಗ್ರಾಂ, ಉಳಿದ ಹೈಡ್ರೋಜನ್ 2 ಗ್ರಾಂ, ಒಟ್ಟು 20. ತಾಳೆ ಸರಿ. ಇಂಥ ಆರೇಳು ಲೆಕ್ಕ, ದಿನಕ್ಕೆ ಎರಡರಂತೆ. ಒಂದೇ ಸಂಜೆ ಇಪ್ಪತ್ತು ಮಾಡಿದರೆ ಕೈ ಮಾತ್ರ ಕಲಿಯುತ್ತದೆ.

'ನೆ' ಜಾಸ್ತಿ ಇದ್ದರೆ

ಶಿರಸಿ ಮಾರಿಕಾಂಬೆ ಜಾತ್ರೆಯ ಪೇಟೆಯಲ್ಲಿ ಎದುರಿಗೆ ಸಿಕ್ಕವರ ಮುಖ ಗುರುತು ಸಿಗುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಓದಿದ್ದೆಲ್ಲ ಗೊತ್ತಿದೆ ಅನ್ನಿಸುವುದು ಈ ಥರದ್ದೇ. ಪುಟ ನೋಡಿದರೆ ಗುರುತು ಸಿಗುತ್ತದೆ. ಪರೀಕ್ಷೆ ಕೇಳುವುದು ಹೆಸರು.

ಇದರಲ್ಲಿ ನಾನೇ ಪೆಟ್ಟು ತಿಂದವಳು. ಕಾಲೇಜು ಸೇರಿದ ಹೊಸತರಲ್ಲಿ ನೋಟ್ಸಿಗೆ ಹಳದಿ, ಹಸಿರು, ಗುಲಾಬಿ ಗೆರೆ ಎಳೆದು ಎಳೆದು ಕೊನೆಗೆ ಗೆರೆ ಇಲ್ಲದ ಸಾಲೇ ಉಳಿದಿರಲಿಲ್ಲ. ಓದುವಾಗ ಎಲ್ಲ ಸಲೀಸು. ಮೊದಲ ಇಂಟರ್ನಲ್ಲಿನಲ್ಲಿ ಹಾಳೆ ಮುಂದೆ ಇಟ್ಟುಕೊಂಡು ಗಾಳಿ ಹಿಡಿದ ಪಂಪಿನ ಹಾಗೆ ಕೂತಿದ್ದೆ. ಸದ್ದು ಇದೆ, ನೀರಿಲ್ಲ.

ಪರಿಹಾರ ಬೋರು ಹೊಡೆಸುವಷ್ಟು ಸರಳ. ಒಂದು ವಿಷಯ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮರುದಿನ ಕೆಂಪಿನದ್ದನ್ನು ಮಾತ್ರ ಮತ್ತೆ ಬರೆಯಿರಿ. ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಮರೆಯುವ ಹೊತ್ತಿಗೆ ಎಳೆದು ತೆಗೆದದ್ದೇ ಗಟ್ಟಿಯಾಗುವುದು. ಮೊದಲ ಎರಡು ದಿನ ಹಾಳೆ ಬಹುಪಾಲು ಕೆಂಪೇ ಇರುತ್ತದೆ, ಹೆದರಬೇಡಿ.

ಎಲ್ಲವನ್ನೂ ಹೀಗೆ ಬಾಯಿಪಾಠ ಮಾಡಬೇಕಾಗಿಲ್ಲ. ಆವರ್ತಕ ಕೋಷ್ಟಕದ ಪ್ರಶ್ನೆಗಳಲ್ಲಿ ಅಂಕ ಇರುವುದು ಕಾರಣಕ್ಕೆ. ಎಡದಿಂದ ಬಲಕ್ಕೆ ಅಯಾನೀಕರಣ ಶಕ್ತಿ (ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಹೆಚ್ಚುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಹಾಗಾದರೆ ನೈಟ್ರೋಜನ್ನಿಗೆ ಮೋಲಿಗೆ 1402 ಕಿಲೋಜೂಲ್ ಇದ್ದು ಅದರ ಬಲಕ್ಕಿರುವ ಆಕ್ಸಿಜನ್ನಿಗೆ 1314 ಯಾಕೆ? ನೈಟ್ರೋಜನ್ನಿನ ಮೂರು ಪಿ ಎಲೆಕ್ಟ್ರಾನುಗಳು ಆರ್ಬಿಟಲ್ ಅನ್ನುವ ಮೂರು ಕೋಣೆಯಲ್ಲಿ ಒಂದೊಂದಾಗಿ ಇವೆ. ಆಕ್ಸಿಜನ್ನಿನ ನಾಲ್ಕನೆಯದು ಒಂದು ಕೋಣೆಯಲ್ಲಿ ಜೋಡಿಯಾಗಿ ಕೂರಬೇಕು, ಒಂದನ್ನೊಂದು ದೂಡುತ್ತವೆ. ಹೊರಗೆ ಹೋಗುವುದು ಸುಲಭ. ಹಾಸ್ಟೆಲಿನಲ್ಲಿ ಒಂದೇ ಮಂಚ ಹಂಚಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲೆಕ್ಟ್ರಾನ್ ವಿನ್ಯಾಸದಲ್ಲಿ ಪದೇ ಪದೇ ಕಾಣುವ ತಪ್ಪು ಇನ್ನೊಂದು. ಕಬ್ಬಿಣ 3ಡಿ ಆರು, 4ಎಸ್ ಎರಡು. ಎರಡು ಪ್ಲಸ್ ಅಯಾನು ಬರೆಯಿರಿ ಅಂದರೆ ಕೊನೆಗೆ ತುಂಬಿದ 3ಡಿಯಿಂದ ಎರಡು ತೆಗೆಯುತ್ತಾರೆ. ಹೋಗುವುದು 4ಎಸ್‌ನವು. ಉಳಿಯುವುದು 3ಡಿ ಆರು. ಕ್ರೋಮಿಯಂ 3ಡಿ ಐದು 4ಎಸ್ ಒಂದು, ತಾಮ್ರ 3ಡಿ ಹತ್ತು 4ಎಸ್ ಒಂದು. ಇವೆರಡನ್ನು ಮಾತ್ರ ಸುಮ್ನೆ ನೆನಪಿಡಿ.

ಅಣುವಿನ ಆಕಾರ ತಪ್ಪಿದರೆ ನೋಡಬೇಕಾದ ಜಾಗ ಒಂದೇ, ಬಂಧದಲ್ಲಿ ಸೇರದ ಒಂಟಿ ಜೋಡಿ ಎಲೆಕ್ಟ್ರಾನು. ಮೀಥೇನಿನಲ್ಲಿ ಕೋನ 109.5 ಡಿಗ್ರಿ, ಅಮೋನಿಯಾದಲ್ಲಿ 107, ನೀರಿನಲ್ಲಿ 104.5. ಬಂಧ ಮಾತ್ರ ಎಣಿಸಿದವರಿಗೆ ನೀರು ನೆಟ್ಟಗೆ ಕಾಣುತ್ತದೆ.

'ನೆ' ಅಂತ ಕಂಡರೂ 'ನೆ' ಅಲ್ಲದ್ದು

ಅಂಕೋಲಾದ ಹುಡುಗಿಯಿಂದ ನಾನು ಕಲಿತದ್ದು ಇದು. ಅವಳ ಆರು 'ನೆ'ಗಳನ್ನು ಒಂದೊಂದಾಗಿ ಕೇಳಿದೆ. ಐಸೋಟೋಪ್ ಅಂದರೇನು ಅಂದಾಗ ಕನ್ನಡದಲ್ಲಿ ಪಟಪಟ ಹೇಳಿದಳು. ಅದೇ ಪರಮಾಣು ಸಂಖ್ಯೆ, ನ್ಯೂಟ್ರಾನ್ ಹೆಚ್ಚುಕಡಿಮೆ. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಬಳಸುವ ಭಾರಜಲದ ಉದಾಹರಣೆಯನ್ನೂ ಕೊಟ್ಟಳು, ಮಾಮೂಲಿ ನೀರಿಗೆ 18 ಆದರೆ ಅದಕ್ಕೆ 20 ಅಂತ ತೂಕ ಸಮೇತ. 'ಮತ್ತೆ ಯಾಕೆ ಬರೀಲಿಲ್ಲ?' 'ಇಂಗ್ಲಿಷಲ್ಲಿ ಹ್ಯಾಂಗೆ ಬರೆಯೂದು ಗೊತ್ತಾಗಲಿಲ್ಲ ಅಕ್ಕೋರೇ.'

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ದೊಡ್ಡ ಸೋರಿಕೆ ಇದು. ಮನೆಯವರಿಗೂ ಕಾಣುವುದಿಲ್ಲ, ಪೇಪರ್ ನೋಡಿದವರಿಗೂ ಕಾಣುವುದಿಲ್ಲ. ಗೊತ್ತಿಲ್ಲ ಅಂತಲೇ ಲೆಕ್ಕಕ್ಕೆ ಬರುತ್ತದೆ. ನಾನು ಆರನೇ ಗುರುತು ಸೇರಿಸಿದೆ, 'ಬ', ಬರೆಯಲು ಬರಲಿಲ್ಲ. ಅವಳ ಆರರಲ್ಲಿ ಮೂರು 'ಬ' ಆದವು.

ಇದಕ್ಕೆ ಕೆಮಿಸ್ಟ್ರಿ ಇನ್ನಷ್ಟು ಓದಿಸಿ ಉಪಯೋಗ ಇಲ್ಲ. ಮೊದಲು ಕನ್ನಡದಲ್ಲಿ ಜೋರಾಗಿ ಹೇಳಿ, ಆಯಿಯ ಎದುರೋ ಅಜ್ಜಿಯ ಎದುರೋ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಗಿಡ್ಡ ವಾಕ್ಯ ಮಾಡಿ. ಒಂದು ವಾಕ್ಯಕ್ಕೆ ಒಂದೇ ವಿಷಯ. ಚೆಂದದ ಇಂಗ್ಲಿಷಿಗೆ ಇಲ್ಲಿ ಅಂಕ ಇಲ್ಲ. ಪ್ರಶ್ನೆಯ ಕ್ರಿಯಾಪದಗಳನ್ನೂ ಕಲಿಯಿರಿ. 'ಡಿಫೈನ್' ಅಂದರೆ ಎರಡು ಸಾಲು ಸಾಕು, 'ಎಕ್ಸ್‌ಪ್ಲೇನ್' ಅಂದರೆ ಕಾರಣ ಬೇಕು, 'ಕಂಪೇರ್' ಅಂದರೆ ಎರಡೂ ಕಡೆಯದು ಬರೆಯಬೇಕು.

ಪ್ರಾಕ್ಟಿಕಲ್‌ನಲ್ಲಿ ರೀಡಿಂಗ್ ಕೂಡದಿದ್ದರೆ

ಟೈಟ್ರೇಷನ್ನಿನ ತಪ್ಪು ಯಾವ ಕಡೆಗೆ ವಾಲಿದೆ ನೋಡಿ. ಮೊದಲ ರೀಡಿಂಗ್ ಮಾತ್ರ ದೊಡ್ಡದು, ಮುಂದಿನವು ಒಂದಕ್ಕೊಂದು ಹೊಂದುತ್ತವೆ ಅಂದರೆ ಬ್ಯುರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಇತ್ತು, ಮೊದಲ ಸಲಕ್ಕೇ ಹೊರಬಿತ್ತು. ಪಂಪಿನ ಕಾಯಿಲೆಯೇ. ಎಲ್ಲ ರೀಡಿಂಗೂ ಒಂದೇ ಥರ ಹೆಚ್ಚು ಬಂದರೆ ಬ್ಯುರೆಟ್ಟನ್ನು ನೀರಿನಲ್ಲಿ ತೊಳೆದು ದ್ರಾವಣದಲ್ಲಿ ತೊಳೆಯದೆ ತುಂಬಿದ್ದೀರಿ, ಒಳಗಿನದು ತೆಳುವಾಗಿದೆ. ಅಥವಾ ಕೋನಿಕಲ್ ಫ್ಲಾಸ್ಕನ್ನು ದ್ರಾವಣದಲ್ಲೇ ತೊಳೆದಿದ್ದೀರಿ, ಒಳಗೆ ಹೆಚ್ಚು ಉಳಿದಿದೆ. ಪಿಪೆಟ್ಟಿನ ಕೊನೆ ಹನಿಯನ್ನು ಊದಿದರೂ ಹೀಗೇ ಆಗುತ್ತದೆ. ಎಲ್ಲವೂ ಕಡಿಮೆ ಬಂದರೆ ಪಿಪೆಟ್ಟಿನಲ್ಲಿ ನೀರಿತ್ತು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಮನಸ್ಸಿಗೆ ಬಂದ ಹಾಗೆ ಬಂದರೆ ಕಣ್ಣು ಗೆರೆಯ ಮಟ್ಟದಲ್ಲಿಲ್ಲ. ಬಣ್ಣವಿಲ್ಲದ ದ್ರಾವಣಕ್ಕೆ ಅದರ ಮೇಲ್ಮೈಯ ಕೆಳಗಿನ ಬಾಗು, ಪರ್ಮಾಂಗನೇಟಿನಂಥ ಗಾಢ ಬಣ್ಣದ್ದಕ್ಕೆ ಮೇಲಿನ ಬಾಗು ಓದಬೇಕು.

ಫಿನಾಫ್ತಲೀನ್ ಗುಲಾಬಿ ಬಂದು ಕೆಲವು ನಿಮಿಷದಲ್ಲಿ ಮಾಯವಾದರೆ ಗಾಬರಿಯಾಗಿ ಇನ್ನಷ್ಟು ಬಿಡಬೇಡಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರುತ್ತಿದೆ ಅಷ್ಟೆ. ಫಿನಾಫ್ತಲೀನ್ ಸೂಚಕ ಬಣ್ಣ ತಿರುಗುವುದು ಪಿಎಚ್ 8.2ರಿಂದ 10ರ ನಡುವೆ, ಮೀಥೈಲ್ ಆರೆಂಜ್ 3.1ರಿಂದ 4.4ರ ನಡುವೆ. ಯಾವ ಸೂಚಕ ಯಾವುದಕ್ಕೆ ಅನ್ನುವುದು ತಲೆಗೆ ಇಳಿಯದಿದ್ದರೆ ಮನೆಯಲ್ಲೇ ಆಡಿ ನೋಡಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿ ನೀರು ಕೆಂಪಾಗುತ್ತದೆ. ಮುರುಗಲು ಶರಬತ್ತು ಚೆಲ್ಲಿದ ಬಟ್ಟೆಗೆ ಸೋಪು ಹಚ್ಚಿದರೆ ಕಲೆ ಕೆಂಪು ಬಿಟ್ಟು ನೀಲಿ ಕಡೆ ತಿರುಗುತ್ತದೆ. ಪಿಎಚ್ ಬದಲಾದರೆ ಬಣ್ಣ ಬದಲಾಗುವ ವಸ್ತುಗಳೇ ಇವು.

ಸೋಡಿಯಂ ಹೈಡ್ರಾಕ್ಸೈಡನ್ನು ತೂಗಿ ನೇರ ನಿಖರ ದ್ರಾವಣ ಯಾಕೆ ಮಾಡಬಾರದು ಅಂತ ವೈವಾದಲ್ಲಿ ಕೇಳುತ್ತಾರೆ. ಕಾರವಾರದ ಜೂನ್ ತಿಂಗಳಲ್ಲಿ ಅಡಿಗೆಮನೆಯ ಉಪ್ಪಿನ ಮರಿಗೆ ನೋಡಿದವರಿಗೆ ಉತ್ತರ ಗೊತ್ತಿರಬೇಕು. ಹೈಡ್ರಾಕ್ಸೈಡಿನ ಹರಳೂ ಹಾಗೇ ಗಾಳಿಯ ನೀರನ್ನು ಎಳೆದುಕೊಂಡು ಒದ್ದೆಯಾಗುತ್ತದೆ, ಕಾರ್ಬನ್ ಡೈಆಕ್ಸೈಡನ್ನೂ ಹಿಡಿಯುತ್ತದೆ. ತೂಗಿದ್ದರಲ್ಲಿ ಎಷ್ಟು ಹೈಡ್ರಾಕ್ಸೈಡ್, ಎಷ್ಟು ಮಳೆಗಾಲ ಅಂತ ಹೇಳಲಾಗದು. ಅದಕ್ಕೇ ಮೊದಲು ಆಕ್ಸಾಲಿಕ್ ಆಮ್ಲದ ನಿಖರ ದ್ರಾವಣ ಮಾಡಿ, ಅದರ ಜೊತೆ ಟೈಟ್ರೇಷನ್ ಮಾಡಿ ಹೈಡ್ರಾಕ್ಸೈಡ್ ಎಷ್ಟಿದೆ ಅಂತ ತಿಳಿಯುವುದು.

'ಹೊ' ಮತ್ತು 'ಓ'

ಹೊತ್ತು ಸಾಲದಿರುವುದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 'ನೆ' ಮತ್ತು 'ಲೆ' ಇಳಿದರೆ ಅದು ತಾನೇ ಇಳಿಯುತ್ತದೆ. ಹಿಂದಿನ ರಾತ್ರಿ ಎರಡು ಗಂಟೆವರೆಗೆ ಕೂತು ಬೆಳಿಗ್ಗೆ ದೇವಿಮನೆ ಘಾಟಿನ ತಿರುವುಗಳಲ್ಲಿ ತೂಕಡಿಸುತ್ತ ಬರುವವರಿಗೆ ಮಾತ್ರ ಬೈಯುತ್ತೇನೆ.

'ಓ' ಬೇರೆ ಜಾತಿಯ ಕಾಟ. 'ಉಳಿದ ಹೈಡ್ರೋಜನ್ ಎಷ್ಟು' ಅಂದರೆ ಆದ ನೀರು ಎಷ್ಟು ಅಂತ ಬರೆಯುತ್ತಾರೆ. 'ಯಾವುದು ಅಲ್ಲ' ಅಂದರೆ ಹೌದಾದದ್ದನ್ನು ಬರೆಯುತ್ತಾರೆ. ಲೆಕ್ಕ ಶುರು ಮಾಡುವ ಮೊದಲು ಏನು ಕೇಳಿದ್ದಾರೆ, ಯಾವ ಮಾನದಲ್ಲಿ ಕೇಳಿದ್ದಾರೆ ಅಂತ ಒಂದು ಸಾಲು ಬರೆದುಕೊಳ್ಳಿ ಅನ್ನುತ್ತೇನೆ. ಮಕ್ಕಳು ತಲೆ ಆಡಿಸುತ್ತಾರೆ, ಬರೆಯುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಸರಿ ಮಾಡಿ, ಆಮೇಲೆ ಇನ್ನೊಂದು ಪೇಪರ್ ಬರೆದು ಮತ್ತೆ ಗುರುತು ಹಾಕಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಉಪಯೋಗ ಆಯಿತು ಅಂತ ತಿಳಿಯುವುದಿಲ್ಲ. ಅಂಕೋಲಾದ ಹುಡುಗಿ ಮೋಲ್ ಒಂದನ್ನೇ ಎರಡು ವಾರ ಮಾಡಿದಳು, ಆಮೇಲೆ 'ಬ'. ಮೊನ್ನೆಯ ಟೆಸ್ಟಿನಲ್ಲಿ 40ಕ್ಕೆ 29. ಹೋದ 11ರಲ್ಲಿ 'ಗೊ' 3, 'ನೆ' 1, 'ಬ' 1, 'ಲೆ' 1. 'ಓ' ಮಾತ್ರ ಹಾಗೇ ಇದೆ, 5. ಈ ಭಾನುವಾರ ಅವಳಿಗೆ ಲೆಕ್ಕ ಕೊಡುವುದಿಲ್ಲ. ಇಪ್ಪತ್ತು ಪ್ರಶ್ನೆ ಕೊಟ್ಟು, ಒಂದಕ್ಕೂ ಉತ್ತರ ಬರೆಯಬೇಡ, ಏನು ಕೇಳಿದ್ದಾರೆ ಅಷ್ಟೇ ಹೇಳು ಅನ್ನಬೇಕು ಅಂತಿದ್ದೇನೆ.